ಗ್ಯಾರಂಟಿಗೆ ಕತ್ತರಿಯೋ, ಸಿರಿವಂತರಿಗೆ ತೆರಿಗೆಯೋ: ನಾವು ಬಾಗಿಲು ಬಡಿಯುತ್ತಿರುವ ಕಚೇರಿಯೇ ತಪ್ಪಿದೆಯೇ?

ನಿವೃತ್ತ ಲೆಕ್ಕಾಧಿಕಾರಿ, ಬಸವನಗುಡಿ

ಗಾಂಧಿ ಬಜಾರಿನಲ್ಲಿ ಬೆಳಗಿನ ಕಾಫಿಗೆ ಸೇರುವ ನಮ್ಮ ಏಳೆಂಟು ಮಂದಿಯ ನಡುವೆ ಮೂರು ವಾರಗಳಿಂದ ಒಂದೇ ಜಗಳ ನಡೆಯುತ್ತಿದೆ. ರಾಜ್ಯ ಸರ್ಕಾರದ ಐದು ಗ್ಯಾರಂಟಿ ಯೋಜನೆಗಳೆಂಬ ಬಿಟ್ಟಿ ಭಾಗ್ಯಗಳನ್ನು ನಿಲ್ಲಿಸಿದರೆ ಮಾತ್ರ ರಾಜ್ಯದ ಬೊಕ್ಕಸ ಉಳಿಯುತ್ತದೆ ಎಂದು ಕೆಲವರು ಹೇಳಿದರೆ, ಬಡವರ ತಟ್ಟೆಗೆ ಕೈಹಾಕುವ ಮೊದಲು ಸಿರಿವಂತರಿಂದ ತೆರಿಗೆ ವಸೂಲು ಮಾಡಿ ಎಂದು ಉಳಿದವರು ಹೇಳುತ್ತಾರೆ. ಎರಡೂ ಕಡೆಯವರು ನನ್ನ ಸ್ನೇಹಿತರೇ ಆದ್ದರಿಂದ ಅಲ್ಲಿ ನಾನು ಹೆಚ್ಚು ಮಾತನಾಡುವುದಿಲ್ಲ. ಮೂವತ್ತನಾಲ್ಕು ವರ್ಷ ಸರ್ಕಾರಿ ಲೆಕ್ಕ ಬರೆದ ಅಭ್ಯಾಸದಿಂದ, ಮನೆಗೆ ಬಂದು ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಂಡೆ. ಅದನ್ನೇ ಇಲ್ಲಿ ಇಡುತ್ತಿದ್ದೇನೆ.

2025-26ರ ರಾಜ್ಯ ಬಜೆಟ್ಟಿನ ಗಾತ್ರ ಸುಮಾರು 4.09 ಲಕ್ಷ ಕೋಟಿ ರೂಪಾಯಿ. ಐದು ಗ್ಯಾರಂಟಿಗಳಿಗೆ ಇಟ್ಟಿರುವುದು 51,034 ಕೋಟಿ, ಅಂದರೆ ಹೆಚ್ಚುಕಡಿಮೆ ಎಂಟನೇ ಒಂದು ಭಾಗ. ಅದರಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ ಎರಡು ಸಾವಿರ ಕೊಡುವ ಗೃಹಲಕ್ಷ್ಮಿಯೊಂದಕ್ಕೇ 28,608 ಕೋಟಿ. ಅದೇ ಬಜೆಟ್ಟು ಅಂದಾಜಿಸಿದ ರಾಜಸ್ವ ಕೊರತೆ, ಅಂದರೆ ದಿನನಿತ್ಯದ ಖರ್ಚಿಗೆ ಆದಾಯ ಸಾಲದೆ ಬೀಳುವ ಮೊತ್ತ, 19,262 ಕೋಟಿ, ಸಾಲ 1.16 ಲಕ್ಷ ಕೋಟಿ. ಗ್ಯಾರಂಟಿ ಅರ್ಧವಾದರೆ ರಾಜಸ್ವ ಕೊರತೆ ಇರುವುದೇ ಇಲ್ಲ ಎಂಬ ಮೊದಲ ಗುಂಪಿನ ವಾದ ಕೂಡು-ಕಳೆಯುವ ಲೆಕ್ಕದಲ್ಲಿ ಸುಳ್ಳಲ್ಲ. ಆದರೆ ಗ್ಯಾರಂಟಿಗಳನ್ನು ಪೂರ್ತಿ ನಿಲ್ಲಿಸಿದರೂ ಸಾಲದ ಅರ್ಧಕ್ಕಿಂತ ಹೆಚ್ಚು ಭಾಗ ಹಾಗೆಯೇ ಉಳಿಯುತ್ತದೆ ಎಂಬುದನ್ನು ಆ ಗುಂಪು ಹೇಳುವುದಿಲ್ಲ.

ಎರಡನೆಯ ಗುಂಪು ಹೇಳದ ಮಾತೊಂದಿದೆ. ಸಿರಿವಂತರ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರವೇ ವಿಧಾನಸೌಧಕ್ಕೆ ಇಲ್ಲ. ಕೃಷಿ ಆದಾಯವೊಂದನ್ನು ಬಿಟ್ಟರೆ ಆದಾಯ ತೆರಿಗೆಯೆಲ್ಲವೂ ಕೇಂದ್ರದ್ದು. ಆಸ್ತಿಗಳ ಬಂಡವಾಳ ಮೌಲ್ಯದ ಮೇಲಿನ ತೆರಿಗೆಯೂ ಕೇಂದ್ರ ಪಟ್ಟಿಯಲ್ಲಿದೆ. ದುಡಿಮೆಯ ಮೇಲೆ ರಾಜ್ಯಕ್ಕೆ ಉಳಿದಿರುವುದು ವೃತ್ತಿ ತೆರಿಗೆ ಮಾತ್ರ, ಅದಕ್ಕೂ ಸಂವಿಧಾನದ 276ನೇ ವಿಧಿ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ. ಈ ಮೊತ್ತ 1988ರ 60ನೇ ತಿದ್ದುಪಡಿಯಲ್ಲಿ ನಿಗದಿಯಾದದ್ದು. ಆಗ ಬಸವನಗುಡಿಯಲ್ಲಿ ನಾನು ಕೊಡುತ್ತಿದ್ದ ಮನೆ ಬಾಡಿಗೆಗೆ ಇಂದು ಒಂದು ದಿನದ ಹೋಟೆಲ್ ಕೋಣೆಯೂ ಸಿಗದು, ಮಿತಿ ಮಾತ್ರ ಅಲ್ಲೇ ನಿಂತಿದೆ. ಪರಿಣಾಮವಾಗಿ ತಿಂಗಳಿಗೆ 25,000 ರೂಪಾಯಿ ಪಡೆಯುವ ಗುಮಾಸ್ತನೂ, ವರ್ಷಕ್ಕೆ ಹತ್ತು ಕೋಟಿ ಪಡೆಯುವ ಕಂಪನಿಯ ಮುಖ್ಯಸ್ಥನೂ ಈ ರಾಜ್ಯಕ್ಕೆ ವೃತ್ತಿ ತೆರಿಗೆಯಾಗಿ ಕಟ್ಟುವುದು ಒಂದೇ ಮೊತ್ತ.

ಹಾಗಿದ್ದರೆ ಗ್ಯಾರಂಟಿ ಕೊಡುವ ಕೈ ಇಲ್ಲಿದೆ, ಸಿರಿವಂತರಿಂದ ತೆಗೆದುಕೊಳ್ಳಬಲ್ಲ ಕೈ ದೆಹಲಿಯಲ್ಲಿದೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಹೇಗೆ? ಪಕ್ಷದ ಮಾತನ್ನು ಬದಿಗಿಟ್ಟು, ತಮಗೆ ಗೊತ್ತಿರುವ ಕ್ಷೇತ್ರದಿಂದ ಬರೆಯಬೇಕೆಂದು ಎಲ್ಲರಲ್ಲಿ ವಿನಂತಿ.

ಸಾಫ್ಟ್‌ವೇರ್ ಉದ್ಯೋಗಿ, ಬೆಳ್ಳಂದೂರು

ಹಿರಿಯರು ಅಂಕಿಗಳಿಂದ ಆರಂಭಿಸಿದ್ದಕ್ಕೆ ವಂದನೆಗಳು. ನಾನು ಗ್ಯಾರಂಟಿ ಕಡಿತದ ಪರವಾಗಿದ್ದೇನೆ. ಬಡವರ ಮೇಲಿನ ಅಸಡ್ಡೆಯಿಂದ ಈ ಮಾತು ಹೇಳುತ್ತಿಲ್ಲ ಎಂಬುದನ್ನು ಮೊದಲೇ ತಿಳಿಸುತ್ತೇನೆ.

‘ಸಿರಿವಂತರ ಮೇಲೆ ತೆರಿಗೆ’ ಎಂಬ ಘೋಷಣೆ ಎದ್ದಾಗಲೆಲ್ಲ ಅದು ಕೊನೆಗೆ ಬಂದು ಬೀಳುವುದು ನನ್ನಂಥ ಸಂಬಳದವರ ಮೇಲೆ. ನನ್ನ ಆದಾಯ ಅಡಗಿಸಿಡಲು ಆಗದಂಥದ್ದು, ತೆರಿಗೆ ಕಡಿತವಾದ ಮೇಲೆಯೇ ನನ್ನ ಖಾತೆಗೆ ಬರುತ್ತದೆ. 24 ಲಕ್ಷ ದಾಟಿದ ಭಾಗಕ್ಕೆ ಶೇಕಡಾ 30 ಕಟ್ಟುತ್ತೇನೆ, ಉಳಿದ ಹಣ ಖರ್ಚು ಮಾಡುವಾಗ ಜಿಎಸ್‌ಟಿ ಕಟ್ಟುತ್ತೇನೆ. ಆಮೇಲೆ ನೀರಿಗೆ ಟ್ಯಾಂಕರಿನವರಿಗೆ, ಮಕ್ಕಳ ಓದಿಗೆ ಖಾಸಗಿ ಶಾಲೆಗೆ, ಕಾಯಿಲೆಗೆ ವಿಮೆಗೆ ಬೇರೆಯೇ ದುಡ್ಡು. ಮಳೆಗಾಲದಲ್ಲಿ ನಮ್ಮ ಬಡಾವಣೆಯಿಂದ ಹೊರರಸ್ತೆಗೆ ಬರಲು ಟ್ರ್ಯಾಕ್ಟರ್ ಹತ್ತಿದ ದಿನಗಳೂ ಇವೆ. ಇಷ್ಟಾದ ಮೇಲೂ ನನ್ನನ್ನು ಸಿರಿವಂತನೆಂದು ಕರೆದರೆ ನಗು ಬರುತ್ತದೆ, ಮನೆಯ ಸಾಲದ ಕಂತು ಇನ್ನೂ ಹದಿನಾಲ್ಕು ವರ್ಷ ಇದೆ.

ಒಂದು ವಿಷಯ ಒಪ್ಪಿಕೊಳ್ಳಲೇಬೇಕು. ಉಚಿತ ವಿದ್ಯುತ್ತಿನ ಗೃಹಜ್ಯೋತಿಗೆ ನಾನೂ ಅರ್ಜಿ ಹಾಕಿದ್ದೇನೆ. ತಿಂಗಳಿಗೆ 200 ಯೂನಿಟ್ಟಿನ ಒಳಗೆ, ಹಿಂದಿನ ಸರಾಸರಿಗೆ ಶೇಕಡಾ 10 ಸೇರಿಸಿದ ಮಿತಿಯಲ್ಲಿ ಇದ್ದರೆ ಸಾಕು, ಆದಾಯವೆಷ್ಟೆಂದು ಯಾರೂ ಕೇಳುವುದಿಲ್ಲ. ನಾವಿಬ್ಬರೂ ಹಗಲೆಲ್ಲ ಕಚೇರಿಯಲ್ಲಿರುವುದರಿಂದ ನಮ್ಮ ಬಿಲ್ ಹಲವು ತಿಂಗಳು ಸೊನ್ನೆ ಬಂದಿದೆ. ನನಗೆ ಇದು ಬೇಡವಾಗಿತ್ತು ಎಂದು ಈಗ ಹೇಳುವುದು ಸುಲಭ, ಅರ್ಜಿ ಹಾಕುವ ದಿನ ಹಾಗೆ ಅನಿಸಲಿಲ್ಲ. ಆದ್ದರಿಂದ ನಾನು ಕೇಳುತ್ತಿರುವ ಕಡಿತ ನನ್ನಿಂದಲೇ ಆರಂಭವಾಗಲಿ. ಆದಾಯ ತೆರಿಗೆ ಕಟ್ಟುವವರಿಗೆ ಗೃಹಲಕ್ಷ್ಮಿ ಇಲ್ಲ ಎನ್ನುವ ನಿಯಮವನ್ನೇ ಗೃಹಜ್ಯೋತಿಗೂ ತನ್ನಿ.

ಗಾರ್ಮೆಂಟ್ಸ್ ಕಾರ್ಮಿಕರ ಸಂಘಟಕಿ, ಪೀಣ್ಯ

ಬೆಳ್ಳಂದೂರಿನ ಸರ್ ಅವರ ಪ್ರಾಮಾಣಿಕತೆ ಇಷ್ಟವಾಯಿತು, ಅವರ ಪರಿಹಾರ ಮಾತ್ರ ಭಯ ಹುಟ್ಟಿಸುತ್ತದೆ. ಏಕೆಂದು ಸ್ವಲ್ಪ ವಿವರವಾಗಿ ಹೇಳಬೇಕು.

ಹದಿನೆಂಟು ವರ್ಷ ನಾನು ಹೊಲಿಗೆ ಯಂತ್ರದ ಮುಂದೆ ಕುಳಿತವಳು. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದಾಗ ಪತ್ರಿಕೆಗಳು ಧರ್ಮಸ್ಥಳಕ್ಕೆ ಹೊರಟ ಬಸ್ಸುಗಳ ನೂಕುನುಗ್ಗಲಿನ ಚಿತ್ರ ಹಾಕಿದವು. ನಮ್ಮ ಕಾರ್ಖಾನೆಗಳ ಬಾಗಿಲಲ್ಲಿ ನಡೆದದ್ದು ಬೇರೆ. ಅದಕ್ಕೂ ಮೊದಲು ಒಬ್ಬ ಹೆಲ್ಪರ್ ಹುಡುಗಿ ತಾನು ನಡೆದು ತಲುಪಬಹುದಾದ ಕಾರ್ಖಾನೆಯಲ್ಲೇ ಕೆಲಸ ಮಾಡಬೇಕಿತ್ತು, ಅಲ್ಲಿನ ಸೂಪರ್‌ವೈಸರ್ ಎಷ್ಟೇ ಬೈದರೂ. ದಿನಕ್ಕೆ ನಲವತ್ತು ರೂಪಾಯಿ ಬಸ್ಸಿಗೆ ಹೋದರೆ ಇಪ್ಪತ್ತಾರು ದಿನಕ್ಕೆ 1,040 ರೂಪಾಯಿ. ದೂರದ ಕಾರ್ಖಾನೆ ಐನೂರು ರೂಪಾಯಿ ಹೆಚ್ಚು ಕೊಟ್ಟರೂ ಅದು ನಷ್ಟದ ಕೆಲಸವೇ. ಟಿಕೆಟ್ ಇಲ್ಲವಾದ ಮೇಲೆ ಆಕೆ ಕೆಲಸ ಬಿಟ್ಟು ಇನ್ನೊಂದು ಕಡೆ ಸೇರುವ ಧೈರ್ಯ ಮಾಡಿದಳು. ಇದನ್ನು ಬಿಟ್ಟಿ ಎನ್ನುವವರು ಅನ್ನಲಿ. ನಮ್ಮ ಸಂಘ ಹತ್ತು ವರ್ಷ ಕೂಗಿದರೂ ಬಾರದಿದ್ದ ಮಾತಿನ ಬಲ ಆ ಬಸ್ಸಿನಿಂದ ಬಂತು.

ಇನ್ನು ‘ಅರ್ಹರಿಗೆ ಮಾತ್ರ’ ಎಂಬ ಮಾತು. ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ಮೀರಬಾರದು, ಅಂದರೆ ತಿಂಗಳಿಗೆ 10,000. ಬೆಂಗಳೂರಿನ ಕನಿಷ್ಠ ವೇತನವೇ ಅದಕ್ಕಿಂತ ಹೆಚ್ಚು. ಕಾನೂನಿನ ಪ್ರಕಾರ ಸಂಬಳ ಪಡೆಯುವ ಒಬ್ಬಳೇ ಹೆಣ್ಣುಮಗಳು ಮನೆಯಲ್ಲಿದ್ದರೂ ಆ ಕುಟುಂಬ ಸರ್ಕಾರದ ಲೆಕ್ಕದಲ್ಲಿ ಬಡ ಕುಟುಂಬವಲ್ಲ! ಕನಿಷ್ಠ ವೇತನ ನಿಗದಿ ಮಾಡುವುದೂ ಸರ್ಕಾರ, ಅದನ್ನು ಪಡೆದದ್ದಕ್ಕೆ ಕಾರ್ಡ್ ಕಿತ್ತುಕೊಳ್ಳುವುದೂ ಸರ್ಕಾರ. 2024ರ ನವೆಂಬರಿನಲ್ಲಿ ಅನರ್ಹರ ಪಟ್ಟಿ ಮಾಡಿ ಕಾರ್ಡುಗಳನ್ನು ರದ್ದುಮಾಡಲು, ಎಪಿಎಲ್‌ಗೆ ಬದಲಿಸಲು ಹೊರಟಾಗ ಏನಾಯಿತೆಂದು ನೆನಪಿಸಿಕೊಳ್ಳಿ. ಗದ್ದಲವೆದ್ದು, ಕೊನೆಗೆ ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆದಾರರನ್ನು ಬಿಟ್ಟು ಉಳಿದವರ ಕಾರ್ಡುಗಳನ್ನು ಮರಳಿಸಬೇಕಾಯಿತು.

ನಮ್ಮ ಸಂಘದ ಸದಸ್ಯೆಯೊಬ್ಬಳ ಗಂಡ ಕ್ಯಾಬ್ ಓಡಿಸುತ್ತಾನೆ. ಗಾಡಿಯ ಸಾಲಕ್ಕೆ ಬೇಕೆಂದು ರಿಟರ್ನ್ ಸಲ್ಲಿಸಿದ್ದ, ತೆರಿಗೆ ಒಂದು ರೂಪಾಯಿಯೂ ಬಂದಿರಲಿಲ್ಲ. ಆಕೆಯ ಹೆಸರು ತೆರಿಗೆದಾರರ ಪಟ್ಟಿಗೆ ಸೇರಿ ಏಳು ತಿಂಗಳು ಗೃಹಲಕ್ಷ್ಮಿ ನಿಂತಿತು. ಅರ್ಧರ್ಧ ದಿನದ ಸಂಬಳ ಬಿಟ್ಟು ಮೂರು ಕಚೇರಿ ಅಲೆದಳು, ಪ್ರತಿಯೊಂದರಲ್ಲೂ ಇನ್ನೊಂದರ ಹೆಸರು ಹೇಳಿದರು. ಜೊಳ್ಳು ತೂರಲು ಮೊರ ಎತ್ತಿದವರ ಕೈ ನೆಟ್ಟಗಿಲ್ಲದಿದ್ದರೆ ಕಾಳೂ ಹಾರಿಹೋಗುತ್ತದೆ. ಬೆಳ್ಳಂದೂರಿನ ಸರ್ ಅವರಿಗೆ ಸೊನ್ನೆ ಬಿಲ್ ತಪ್ಪಿದರೆ ಅವರ ಮನೆಯಲ್ಲಿ ಏನೂ ಬದಲಾಗುವುದಿಲ್ಲ, ಈಕೆಯ ಮನೆಯಲ್ಲಿ ಮಗಳ ಕಾಲೇಜಿನ ಕಂತು ತಪ್ಪಿತು.

ತೆರಿಗೆ ಸಲಹೆಗಾರ, ಮಲ್ಲೇಶ್ವರ

ಮೇಡಂ ಹೇಳಿದ್ದನ್ನು ಅಲ್ಲಗಳೆಯುವುದಿಲ್ಲ. ನನಗೆ ಗೊತ್ತಿರುವುದು ತಕ್ಕಡಿಯ ಇನ್ನೊಂದು ತಟ್ಟೆ. ಸಿರಿವಂತರ ಮೇಲೆ ತೆರಿಗೆ ಹಾಕುವ ಪ್ರಯೋಗವನ್ನು ಈ ದೇಶ ಮಾಡಿಲ್ಲವೆಂದು ಭಾವಿಸಬಾರದು. ಪ್ರಪಂಚದಲ್ಲಿ ಕೆಲವೇ ದೇಶಗಳು ಮಾಡಿದಷ್ಟು ಮಾಡಿದೆ.

ಕೇಂಬ್ರಿಜ್ಜಿನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ 1956ರಲ್ಲಿ ಕೊಟ್ಟ ವರದಿಯ ಬೆನ್ನಲ್ಲೇ 1957ರಲ್ಲಿ ಸಂಪತ್ತು ತೆರಿಗೆ ಮತ್ತು ವೆಚ್ಚ ತೆರಿಗೆ, 1958ರಲ್ಲಿ ಉಡುಗೊರೆ ತೆರಿಗೆ ಬಂದವು. ಸತ್ತವರ ಆಸ್ತಿಯ ಮೇಲಿನ ಎಸ್ಟೇಟ್ ಡ್ಯೂಟಿ 1953ರಿಂದಲೇ ಇತ್ತು. 1973-74ರಲ್ಲಿ ಆದಾಯ ತೆರಿಗೆಯ ಅತ್ಯುನ್ನತ ದರ ಸರ್‌ಚಾರ್ಜ್ (ತೆರಿಗೆಯ ಮೊತ್ತದ ಮೇಲೆ ಹಾಕುವ ಹೆಚ್ಚುವರಿ ತೆರಿಗೆ) ಸೇರಿ ಶೇಕಡಾ 97.75 ಆಗಿತ್ತು. ನೂರು ರೂಪಾಯಿ ಹೆಚ್ಚು ಗಳಿಸಿದವನಿಗೆ ಉಳಿಯುತ್ತಿದ್ದುದು ಎರಡೂಕಾಲು ರೂಪಾಯಿ. ನನ್ನ ಗುರುಗಳು ಆ ಕಾಲದಲ್ಲಿ ವೃತ್ತಿ ಮಾಡಿದವರು. ದೊಡ್ಡ ಕಕ್ಷಿದಾರರು ತೆರಿಗೆ ಕಟ್ಟಲು ಬರುತ್ತಿರಲಿಲ್ಲ, ಎರಡನೆಯ ಲೆಕ್ಕದ ಪುಸ್ತಕ ಹೇಗೆ ಇಡಬೇಕೆಂದು ಕೇಳಲು ಬರುತ್ತಿದ್ದರು ಎಂದು ಹೇಳುತ್ತಿದ್ದರು. ಎಸ್ಟೇಟ್ ಡ್ಯೂಟಿಯನ್ನು 1985ರಲ್ಲಿ ವಿ.ಪಿ. ಸಿಂಗ್ ಹಣಕಾಸು ಸಚಿವರಾಗಿದ್ದಾಗ ತೆಗೆದರು, ಉಡುಗೊರೆ ತೆರಿಗೆ 1998ರಲ್ಲಿ ಹೋಯಿತು.

ಸಂಪತ್ತು ತೆರಿಗೆಯ ಕಥೆ ಇವೆಲ್ಲಕ್ಕಿಂತ ಪಾಠ ಕಲಿಸುವಂಥದ್ದು. 2015ರ ಬಜೆಟ್ಟಿನಲ್ಲಿ ಅರುಣ್ ಜೇಟ್ಲಿ ಅದನ್ನು ರದ್ದುಮಾಡಿದಾಗ, 2013-14ರಲ್ಲಿ ಇಡೀ ದೇಶದಿಂದ ಬಂದದ್ದು 1,008 ಕೋಟಿ ಮಾತ್ರ ಎಂದರು. ಆ ಅಂಕಿಯನ್ನು ಇಂದಿಗೂ ‘ಸಂಪತ್ತು ತೆರಿಗೆ ಸೋತಿತು’ ಎಂಬುದಕ್ಕೆ ಸಾಕ್ಷಿಯಾಗಿ ತೋರಿಸುತ್ತಾರೆ. ಅದು ಅರ್ಧ ಸತ್ಯ. 1993ರಿಂದ ಆ ತೆರಿಗೆ ಷೇರುಗಳನ್ನು, ಠೇವಣಿಗಳನ್ನು, ಬಾಂಡುಗಳನ್ನು ಮುಟ್ಟುತ್ತಲೇ ಇರಲಿಲ್ಲ. ಹೆಚ್ಚುವರಿ ಮನೆ, ಕಾರು, ಒಡವೆ, ನಗರದ ಖಾಲಿ ಜಮೀನು ಇಂಥವು ಮಾತ್ರ ಲೆಕ್ಕಕ್ಕೆ ಬರುತ್ತಿದ್ದವು. ಸಾವಿರ ಕೋಟಿಯ ಷೇರು ಇದ್ದವರು ಹೊರಗೆ, ಅಜ್ಜಿಯ ಒಡವೆ ಲಾಕರಿನಲ್ಲಿಟ್ಟವರು ಒಳಗೆ. ತಳವಿಲ್ಲದ ಕೊಡದಲ್ಲಿ ನೀರು ಸೇದಿ, ಬಾವಿಯೇ ಬತ್ತಿದೆ ಎಂದಂತಾಯಿತು.

ಅದರ ಬದಲಿಗೆ ಒಂದು ಕೋಟಿ ಮೀರಿದ ಆದಾಯಕ್ಕೆ ಶೇಕಡಾ 2ರಷ್ಟು ಹೆಚ್ಚುವರಿ ಸರ್‌ಚಾರ್ಜ್ ಬಂತು, ಅದರಿಂದ ಸುಮಾರು 9,000 ಕೋಟಿ ನಿರೀಕ್ಷಿಸಿದ್ದರು. ವಸೂಲಿಗೆ ಇದು ಸುಲಭವೆಂಬುದರಲ್ಲಿ ಅನುಮಾನವಿಲ್ಲ. ಆದರೆ ಬಸವನಗುಡಿಯ ಹಿರಿಯರ ಪ್ರಶ್ನೆಗೆ ಸಂಬಂಧಿಸಿದ ಮುಖ್ಯ ಸಂಗತಿ ಇಲ್ಲಿದೆ: ಸರ್‌ಚಾರ್ಜ್ ಮತ್ತು ಸೆಸ್‌ಗಳು ರಾಜ್ಯಗಳ ಪಾಲಿಗೆ ಸೇರುವುದಿಲ್ಲ. ನಾಳೆ ದೆಹಲಿ ಸಿರಿವಂತರ ಮೇಲೆ ಸರ್‌ಚಾರ್ಜ್ ಇಮ್ಮಡಿ ಮಾಡಿದರೂ ಅದರಿಂದ ಪೀಣ್ಯದ ಆ ಸದಸ್ಯೆಯ ಖಾತೆಗೆ ಕರ್ನಾಟಕ ಸರ್ಕಾರ ಹಾಕಬಹುದಾದ ಹಣ ಒಂದು ಪೈಸೆಯೂ ಹೆಚ್ಚುವುದಿಲ್ಲ. ಅಂದಹಾಗೆ 2023ರಲ್ಲಿ ನಡೆದದ್ದು ತದ್ವಿರುದ್ಧ. ಐದು ಕೋಟಿ ಮೀರಿದವರ ಸರ್‌ಚಾರ್ಜನ್ನು ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ಶೇಕಡಾ 37ರಿಂದ 25ಕ್ಕೆ ಇಳಿಸಿದ್ದರಿಂದ ಅವರ ಒಟ್ಟು ಗರಿಷ್ಠ ದರ ಶೇಕಡಾ 42.74ರಿಂದ 39ಕ್ಕೆ ಬಂತು.

ಸಣ್ಣ ಕಾರ್ಖಾನೆ ಮಾಲೀಕ, ರಾಜಾಜಿನಗರ

ಎಲ್ಲರೂ ದೊಡ್ಡ ತೆರಿಗೆಗಳ ಬಗ್ಗೆ ಬರೆಯುತ್ತಿದ್ದೀರಿ. ಹನ್ನೆರಡು ಜನರಿಗೆ ಕೆಲಸ ಕೊಟ್ಟಿರುವ ನನ್ನ ಲೇತ್ ಶೆಡ್ಡಿನಿಂದ ನೋಡಿದರೆ, ಕೊಟ್ಟ ಕೈ ಬೇರೆ ದಾರಿಯಲ್ಲಿ ಕಿತ್ತುಕೊಳ್ಳುತ್ತಿದೆ. 2025ರ ಜನವರಿಯಲ್ಲಿ ಬಸ್ ದರ ಶೇಕಡಾ 15 ಏರಿತು, ಫೆಬ್ರುವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿ ಆಯಿತು, ಏಪ್ರಿಲ್‌ನಲ್ಲಿ ಹಾಲಿಗೆ ನಾಲ್ಕು ರೂಪಾಯಿ, ವಿದ್ಯುತ್ತಿಗೆ ಪಿಂಚಣಿ ಬಾಬ್ತೆಂದು ಯೂನಿಟ್ಟಿಗೆ 36 ಪೈಸೆ. ಇವುಗಳಲ್ಲಿ ಎಲ್ಲಕ್ಕೂ ಗ್ಯಾರಂಟಿಯೇ ಕಾರಣವೆಂದು ನಾನು ಹೇಳುವುದಿಲ್ಲ, ಮೆಟ್ರೋದ ದರ ನಿಗದಿ ಮಾಡಿದ್ದು ಬೇರೆಯೇ ಸಮಿತಿ. ಆದರೆ ನನ್ನ ಕೆಲಸಗಾರ ಗಂಡಸು. ಅವನಿಗೆ ಶಕ್ತಿ ಇಲ್ಲ, ದರ ಏರಿಕೆ ಮಾತ್ರ ಇದೆ. ಸಿರಿವಂತರ ಮೇಲೆ ತೆರಿಗೆ ಹಾಕಲಾಗದ ಸರ್ಕಾರ ಎಲ್ಲರ ಮೇಲೂ ಸ್ವಲ್ಪ ಸ್ವಲ್ಪ ಹಾಕುತ್ತದೆ, ಕಡಿತ ಎಂಬುದು ಈಗಾಗಲೇ ಆ ರೂಪದಲ್ಲಿ ನಡೆಯುತ್ತಿದೆ.

ಅರ್ಥಶಾಸ್ತ್ರ ಉಪನ್ಯಾಸಕಿ, ಜಯನಗರ

ರಾಜಾಜಿನಗರದವರ ಮಾತು ಈ ಚರ್ಚೆಯ ಮರ್ಮಕ್ಕೆ ಹತ್ತಿರವಿದೆ. ‘ತೆರಿಗೆ ಕಟ್ಟುವವರು ನಾವು, ತಿನ್ನುವವರು ಅವರು’ ಎಂಬ ಮಾತನ್ನು ನನ್ನ ತರಗತಿಯಲ್ಲೂ ವಿದ್ಯಾರ್ಥಿಗಳು ಆಡುತ್ತಾರೆ. ಸೋಪು, ಚಪ್ಪಲಿ, ಮೊಬೈಲ್ ರೀಚಾರ್ಜ್, ಡೀಸೆಲ್ ಹಾಕಿಸಿಕೊಂಡು ಬಂದ ಲಾರಿಯ ತರಕಾರಿ, ಇವುಗಳಲ್ಲಿ ಮನೆಗೆಲಸದ ಹೆಂಗಸು ಕಟ್ಟುವ ತೆರಿಗೆ ಯಾವ ರಿಟರ್ನಿನಲ್ಲೂ ಕಾಣುವುದಿಲ್ಲ. ಅವಳ ಆದಾಯದ ಬಹುಪಾಲು ಖರ್ಚಾಗುತ್ತದೆ, ಸಿರಿವಂತರ ಆದಾಯದ ಬಹುಪಾಲು ಹೂಡಿಕೆಯಾಗುತ್ತದೆ. ಷೇರುಗಳ ದೀರ್ಘಾವಧಿ ಲಾಭಕ್ಕೆ ದರ ಶೇಕಡಾ 12.5, ಬೆಳ್ಳಂದೂರಿನವರ ಸಂಬಳಕ್ಕೆ 30. ಅವರ ಸಿಟ್ಟು ನ್ಯಾಯವಾದದ್ದೇ, ಆದರೆ ಅದು ಕೆಳಗೆ ನೋಡುತ್ತಿದೆ, ನೋಡಬೇಕಾದದ್ದು ಮೇಲೆ. ವರ್ಲ್ಡ್ ಇನ್‌ಈಕ್ವಾಲಿಟಿ ಲ್ಯಾಬ್ ಎಂಬ ಸಂಶೋಧನಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಭಾರತದ ಮೇಲ್ತುದಿಯ ಶೇಕಡಾ 1ರಷ್ಟು ಜನರ ಬಳಿ ದೇಶದ ಆದಾಯದ ಶೇಕಡಾ 22.6 ಮತ್ತು ಸಂಪತ್ತಿನ ಶೇಕಡಾ 40.1 ಭಾಗ ಇದೆ.

2019ರ ಸೆಪ್ಟೆಂಬರಿನಲ್ಲಿ ಕಂಪನಿ ತೆರಿಗೆಯನ್ನು ಶೇಕಡಾ 30ರಿಂದ 22ಕ್ಕೆ ಇಳಿಸಿದಾಗ ವರ್ಷಕ್ಕೆ 1.45 ಲಕ್ಷ ಕೋಟಿ ಬಿಟ್ಟುಕೊಡುತ್ತಿದ್ದೇವೆ ಎಂದು ಸರ್ಕಾರವೇ ಹೇಳಿತು. ನಮ್ಮ ಐದು ಗ್ಯಾರಂಟಿಗಳ ಮೂರರಷ್ಟು ಹತ್ತಿರ. ಅದನ್ನು ಯಾರೂ ಬಿಟ್ಟಿ ಎನ್ನಲಿಲ್ಲ, ಉತ್ತೇಜನ ಎಂದರು.

ಹೊರದೇಶಗಳ ಉದಾಹರಣೆ ಕೇಳುವವರಿಗೆ: 2024ರಲ್ಲಿ ಬ್ರೆಜಿಲ್ ಜಿ-20ರ ಅಧ್ಯಕ್ಷತೆ ವಹಿಸಿದ್ದಾಗ, ಶತಕೋಟ್ಯಧೀಶರು ತಮ್ಮ ಸಂಪತ್ತಿನ ಕನಿಷ್ಠ ಶೇಕಡಾ 2ರಷ್ಟು ತೆರಿಗೆ ಕಟ್ಟುವಂತೆ ಮಾಡಬೇಕೆಂಬ ಅರ್ಥಶಾಸ್ತ್ರಜ್ಞ ಗೇಬ್ರಿಯಲ್ ಜುಕ್‌ಮನ್ ಅವರ ಪ್ರಸ್ತಾಪ ಚರ್ಚೆಗೆ ಬಂತು. ಫ್ರಾನ್ಸ್ 2018ರಲ್ಲಿ ತನ್ನ ಸಂಪತ್ತು ತೆರಿಗೆಯನ್ನು ಸ್ಥಿರಾಸ್ತಿಗೆ ಸೀಮಿತಗೊಳಿಸಿತು. ಸಿರಿವಂತರು ದೇಶ ಬಿಡುತ್ತಾರೆ ಎಂಬ ಭಯ ಎಲ್ಲ ಕಡೆಯೂ ಇದೆ, ಆದ್ದರಿಂದಲೇ ಒಂದು ದೇಶ ಒಂಟಿಯಾಗಿ ಮಾಡಲು ಹಿಂಜರಿಯುತ್ತದೆ.

ನಿವೃತ್ತ ಲೆಕ್ಕಾಧಿಕಾರಿ, ಬಸವನಗುಡಿ

ಮೇಡಂ, ಒಂದು ಸಣ್ಣ ತಿದ್ದುಪಡಿಗೆ ಅವಕಾಶ ಕೊಡಿ. 1.45 ಲಕ್ಷ ಕೋಟಿ ಇಡೀ ದೇಶದ ಲೆಕ್ಕ, 51,034 ಕೋಟಿ ಒಂದು ರಾಜ್ಯದ್ದು. ಪಕ್ಕಪಕ್ಕದಲ್ಲಿಟ್ಟರೆ ಓದುವವರಿಗೆ ದಾರಿ ತಪ್ಪುತ್ತದೆ. ಕಂಪನಿ ತೆರಿಗೆ ರಾಜ್ಯಗಳಿಗೂ ಹಂಚಿಕೆಯಾಗುವ ತೆರಿಗೆಯಾದ್ದರಿಂದ ಅದರಲ್ಲಿ ನಮಗೆ ನಷ್ಟವಾದದ್ದು ನಿಜ, ಆದರೆ ಆ ಹಂಚಿಕೆಯನ್ನು ಸೂಚಿಸುವ ಹಣಕಾಸು ಆಯೋಗಗಳ ಪೈಕಿ 14ನೆಯದರಲ್ಲಿ ರಾಜ್ಯಗಳ ಒಟ್ಟು ಪಾಲಿನಲ್ಲಿ ಶೇಕಡಾ 4.713 ಇದ್ದ ನಮ್ಮ ಪಾಲು 15ನೆಯದರಲ್ಲಿ ಶೇಕಡಾ 3.647ಕ್ಕೆ ಇಳಿದಿತ್ತು. ಆ ಪ್ರಮಾಣದಲ್ಲೇ ಲೆಕ್ಕ ಹಾಕಬೇಕು.

ಅರ್ಥಶಾಸ್ತ್ರ ಉಪನ್ಯಾಸಕಿ, ಜಯನಗರ

ಒಪ್ಪುತ್ತೇನೆ ಸರ್. ಆ ಹೋಲಿಕೆಯನ್ನು ಹಿಂತೆಗೆದುಕೊಳ್ಳುತ್ತೇನೆ, ‘ಬಿಟ್ಟಿ’ ಮತ್ತು ‘ಉತ್ತೇಜನ’ ಎಂಬ ಪದಗಳ ಬಗೆಗಿನ ಮಾತನ್ನು ಮಾತ್ರ ಉಳಿಸಿಕೊಳ್ಳುತ್ತೇನೆ.

ನಿವೃತ್ತ ಶಾಲಾ ಶಿಕ್ಷಕ, ಕೆಂಗೇರಿ

ಇಷ್ಟು ಹೊತ್ತು ಓದಿದೆ. ಕಡಿತವೋ ತೆರಿಗೆಯೋ ಎಂದು ಎರಡೇ ದಾರಿ ಇರುವಂತೆ ಎಲ್ಲರೂ ಬರೆದಿದ್ದೀರಿ. ಸರ್ಕಾರ ಹಿಡಿದದ್ದು ಮೂರನೆಯ ದಾರಿ, ಅದರ ಬಗ್ಗೆ ಒಬ್ಬರೂ ಬರೆಯಲಿಲ್ಲ.

2013ರಲ್ಲಿ ಕರ್ನಾಟಕ ಒಂದು ಒಳ್ಳೆಯ ಕಾಯ್ದೆ ಮಾಡಿತು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಜನಸಂಖ್ಯೆಗೆ ಅನುಗುಣವಾಗಿ ಬಜೆಟ್ಟಿನಲ್ಲಿ ಹಣ ಮೀಸಲಿಡಬೇಕು, ಅದು ಆ ಸಮುದಾಯಗಳಿಗೇ ಖರ್ಚಾಗಬೇಕು ಎಂದು. ಗ್ಯಾರಂಟಿಗಳು ಬಂದ ಮೇಲೆ ಆ ನಿಧಿಯಿಂದ ದೊಡ್ಡ ಮೊತ್ತವನ್ನು ಗ್ಯಾರಂಟಿಗಳಿಗೆ ತೋರಿಸಲಾಯಿತು. 2024-25ರಲ್ಲಿ ಅದು 14,000 ಕೋಟಿಗೂ ಹೆಚ್ಚು. ಗ್ಯಾರಂಟಿಗಳ ಫಲಾನುಭವಿಗಳಲ್ಲಿ ಪರಿಶಿಷ್ಟರೂ ಇದ್ದಾರೆ, ಅವರ ಪಾಲಿಗೆ ತಕ್ಕಷ್ಟೇ ಹಣ ಬಳಸಿದ್ದೇವೆ ಎಂಬುದು ಸರ್ಕಾರದ ಉತ್ತರ. ಲೆಕ್ಕ ಸರಿಯಾಗಿಯೇ ಇರಬಹುದು. ಆದರೆ ಉಳಿದ ಸಮುದಾಯದ ಹೆಣ್ಣುಮಗಳಿಗೆ ಎರಡು ಸಾವಿರ ಸಾಮಾನ್ಯ ಬೊಕ್ಕಸದಿಂದ ಬರುತ್ತದೆ, ದಲಿತ ಹೆಣ್ಣುಮಗಳಿಗೆ ಅವಳ ಮಗನ ಹಾಸ್ಟೆಲಿಗೆ, ಅವಳ ಕೇರಿಯ ಕೊಳವೆ ಬಾವಿಗೆ ಇಟ್ಟ ಹಣದಿಂದ ಬರುತ್ತದೆ. ಹಾಗಾದರೆ ಅವಳಿಗೆ ಹೊಸದಾಗಿ ಸಿಕ್ಕಿದ್ದೇನು?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಸಿರಿವಂತರನ್ನು ಮುಟ್ಟಲಾಗದು, ಮತದಾರರ ಗ್ಯಾರಂಟಿಯನ್ನೂ ಮುಟ್ಟಲಾಗದು, ಆದ್ದರಿಂದ ಹೆಚ್ಚು ಕೂಗದವರ ಪಾಲಿನಿಂದ ಹೊಂದಿಸಿಕೊಂಡದ್ದಾಯಿತು. ಗ್ಯಾರಂಟಿಗಳು ಬೇಡವೆಂದು ನಾನು ಹೇಳುತ್ತಿಲ್ಲ. ಅವುಗಳ ಬಿಲ್ ಯಾರ ಹೆಸರಿಗೆ ಹೋಗುತ್ತಿದೆ ಎಂದು ಕೇಳುತ್ತಿದ್ದೇನೆ.

ನಿವೃತ್ತ ಲೆಕ್ಕಾಧಿಕಾರಿ, ಬಸವನಗುಡಿ

ಕೆಂಗೇರಿಯ ಮೇಷ್ಟ್ರ ಮಾತನ್ನು ಓದಿದ ಮೇಲೆ ನನ್ನ ಮೊದಲ ಬರಹದಲ್ಲಿ ಆ ಸಾಲು ಇಲ್ಲದ್ದಕ್ಕೆ ನಾಚಿಕೆಯಾಯಿತು. ಲೆಕ್ಕ ಬರೆಯುವವನಿಗೆ ಅದು ಮೊದಲು ಕಾಣಬೇಕಿತ್ತು.

ಈಗ ನಾನು ಹೇಳಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ. ರಾಜ್ಯಕ್ಕೆ ಆದಾಯದ ಮೇಲೆ ಅಧಿಕಾರವಿಲ್ಲ, ನಿಜ. ಆದರೆ ಸಂವಿಧಾನದ ರಾಜ್ಯ ಪಟ್ಟಿಯ 49ನೇ ನಮೂದು ಭೂಮಿ ಮತ್ತು ಕಟ್ಟಡಗಳ ಮೇಲಿನ ತೆರಿಗೆಯನ್ನು ರಾಜ್ಯಕ್ಕೇ ಕೊಟ್ಟಿದೆ. ಬೆಂಗಳೂರಿನ ಸಿರಿತನ ಎಲ್ಲಿದೆ? ಷೇರಿನಲ್ಲಿ ಇರುವಷ್ಟೇ ಮಣ್ಣಿನಲ್ಲಿಯೂ ಇದೆ. 2011ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಮೆಟ್ರೋ ಓಡಿತು, 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ತೆರೆಯಿತು. ಆ ದಾರಿಯುದ್ದಕ್ಕೂ ನಿವೇಶನಗಳ ಬೆಲೆ ಏರಿದ್ದು ಮಾಲೀಕರ ಬೆವರಿನಿಂದಲ್ಲ. ಸಾರ್ವಜನಿಕರ ಹಣ, ಸಾಲ ಮತ್ತು ಈಗ 90 ರೂಪಾಯಿಯ ಟಿಕೆಟ್ಟಿನಿಂದ ಏರಿದ ಬೆಲೆ ಅದು. ಅದರಲ್ಲಿ ಸಾರ್ವಜನಿಕರಿಗೆ ಮರಳಿ ಬರುವುದು ಅತ್ಯಲ್ಪ.

ನಮ್ಮ ಮನೆ ಕಂದಾಯದ ಪದ್ಧತಿಯನ್ನು ನೋಡಿ. 2008ರಿಂದ ಊರನ್ನು ಎ-ಯಿಂದ ಎಫ್-ವರೆಗೆ ವಲಯಗಳಾಗಿ ವಿಂಗಡಿಸಿ, ಚದರ ಅಡಿಗೆ ಇಷ್ಟೆಂದು ದರ ಹಾಕುತ್ತಾರೆ. ಮಾರುಕಟ್ಟೆ ಬೆಲೆ ಮೂರು ಪಟ್ಟಾದರೂ ಕಂದಾಯ ತಾನಾಗಿ ಏರುವುದಿಲ್ಲ. ಖಾಲಿ ನಿವೇಶನದ ದರ ಕಟ್ಟಡದ್ದಕ್ಕಿಂತ ಬಹಳ ಕಡಿಮೆ, ಆದ್ದರಿಂದ ಹತ್ತು ಸೈಟು ಕೊಂಡು ಬೇಲಿ ಹಾಕಿ ಬೆಲೆ ಏರುವವರೆಗೆ ಕಾಯುವವರಿಗೆ ಕಾಯುವುದು ಅಗ್ಗ. ಬಾಡಿಗೆಗೆ ಕೊಟ್ಟ ಮನೆಯ ದರವಾದರೋ ಮಾಲೀಕನೇ ವಾಸಿಸುವ ಮನೆಯ ಎರಡರಷ್ಟು, ಅದು ಕೊನೆಗೆ ಬಾಡಿಗೆದಾರನ ಮೇಲೆಯೇ ಬೀಳುತ್ತದೆ. ಸ್ವಂತ ಮನೆಯಿಲ್ಲದವನು ಹೆಚ್ಚು, ಮನೆಯಿರುವವನು ಕಡಿಮೆ, ಸುಮ್ಮನೆ ಇಟ್ಟುಕೊಂಡವನು ಎಲ್ಲರಿಗಿಂತ ಕಡಿಮೆ ಕಟ್ಟುವ ಪದ್ಧತಿ ಇದು.

2025ರ ಆಗಸ್ಟ್ ಕೊನೆಯಲ್ಲಿ ನೋಂದಣಿ ಶುಲ್ಕವನ್ನು ಶೇಕಡಾ 1ರಿಂದ 2ಕ್ಕೆ ಏರಿಸಿದರು. ಹಣ ಬೇಕಾದಾಗ ಸುಲಭವಾಗಿ ಕೈಗೆ ಸಿಗುವುದು ಅದೇ. ಆದರೆ ಅದನ್ನು ಕಟ್ಟುವವರು ಮೊದಲ ಬಾರಿ ಎರಡು ಕೋಣೆಯ ಫ್ಲ್ಯಾಟ್ ಕೊಳ್ಳುವವರು, ಮಾರದೆ ಇಟ್ಟುಕೊಂಡವರಿಗೆ ಅದು ತಾಗುವುದೇ ಇಲ್ಲ.

ಸ್ವಂತ ಮನೆಯಲ್ಲಿರುವವರು, ವಿಜಯನಗರ

ಯಜಮಾನರೇ, ತಮ್ಮ ವಾದ ಚೆನ್ನಾಗಿದೆ, ಆದರೆ ನನ್ನಂಥವರನ್ನು ಮರೆತಿದ್ದೀರಿ. ನನ್ನ ಯಜಮಾನರು 1979ರಲ್ಲಿ ಕಟ್ಟಿಸಿದ ಮನೆ ಇದು. ಈಗ ಕೋಟಿಗಳ ಬೆಲೆ ಎನ್ನುತ್ತಾರೆ. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು, ನನಗೆ ಬರುವುದು ಕುಟುಂಬ ಪಿಂಚಣಿ. ಬೆಲೆಗೆ ತಕ್ಕ ಕಂದಾಯ ಹಾಕಿದರೆ ನಾನು ಗೋಡೆಯ ಇಟ್ಟಿಗೆ ಕಿತ್ತು ಕಟ್ಟಬೇಕಾಗುತ್ತದೆ. ನಾನು ಸಿರಿವಂತಳೆ?

ನಿವೃತ್ತ ಲೆಕ್ಕಾಧಿಕಾರಿ, ಬಸವನಗುಡಿ

ಇದಕ್ಕೆ ಉತ್ತರವಿಲ್ಲದೆ ನನ್ನ ಪ್ರಸ್ತಾಪ ನಿಲ್ಲುವುದಿಲ್ಲ ಎಂಬುದನ್ನು ಒಪ್ಪುತ್ತೇನೆ ಅಮ್ಮ. ಆಸ್ತಿ ಇದ್ದು ಆದಾಯವಿಲ್ಲದವರು ಈ ಊರಿನ ಹಳೆಯ ಬಡಾವಣೆಗಳಲ್ಲಿ ಬಹಳ ಮಂದಿ ಇದ್ದಾರೆ. ಮಾಲೀಕರೇ ವಾಸವಿರುವ ಒಂದು ಮನೆಯನ್ನು ಈಗಿನ ದರದಲ್ಲೇ ಬಿಡಬೇಕು, ಏರಿಕೆಯ ಭಾಗವನ್ನು ಆ ಮನೆ ಮಾರಾಟವಾದಾಗ ಅಥವಾ ಅಭಿವೃದ್ಧಿಗೆ ಕೊಟ್ಟಾಗ ಮಾತ್ರ ತೆಗೆದುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ನಾನು ಮೊದಲು ನೋಡುತ್ತಿರುವುದು ಎರಡನೆಯ, ಮೂರನೆಯ ಖಾಲಿ ಸೈಟನ್ನು. ಈ ಒಂದು ತೆರಿಗೆಯಿಂದ ಗ್ಯಾರಂಟಿಗಳ ಖರ್ಚೆಲ್ಲ ಹುಟ್ಟುತ್ತದೆ ಎಂದು ನಾನು ಹೇಳಲಾರೆ. ಆಸ್ತಿ ತೆರಿಗೆ ನಗರ ಪಾಲಿಕೆಗೆ ಹೋಗುತ್ತದೆ, ರಾಜ್ಯದ ಬೊಕ್ಕಸಕ್ಕಲ್ಲ. ಆದರೆ ಪಾಲಿಕೆಗಳು ತಮ್ಮ ರಸ್ತೆ, ಚರಂಡಿಗಳ ಖರ್ಚನ್ನು ತಾವೇ ಹೊತ್ತಷ್ಟೂ ರಾಜ್ಯ ಕೊಡಬೇಕಾದ ಅನುದಾನ ಕಡಿಮೆಯಾಗುತ್ತದೆ, ಆ ಮಟ್ಟಿಗೆ ಕೆಂಗೇರಿಯ ಮೇಷ್ಟ್ರು ಹೇಳಿದ ಮೂರನೆಯ ದಾರಿಯ ಒತ್ತಡ ಇಳಿಯುತ್ತದೆ. ಇದರ ಜೊತೆಗೆ ವೃತ್ತಿ ತೆರಿಗೆಯ 2,500ರ ಮಿತಿಯನ್ನು ಏರಿಸಲು ರಾಜ್ಯ ಕೇಂದ್ರವನ್ನು ಕೇಳಬೇಕು. ಅದಕ್ಕೆ ಸಂವಿಧಾನದ ತಿದ್ದುಪಡಿ ಬೇಕು, ಆದರೆ ಆ ಹಣ ಪೂರ್ತಿ ಇಲ್ಲೇ ಉಳಿಯುತ್ತದೆ.

ಸಾಫ್ಟ್‌ವೇರ್ ಉದ್ಯೋಗಿ, ಬೆಳ್ಳಂದೂರು

ವೃತ್ತಿ ತೆರಿಗೆ ಏರಿದರೆ ಮತ್ತೆ ನನ್ನ ಸಂಬಳದಿಂದಲೇ ಕಡಿತ, ಅದನ್ನು ಗಮನಿಸಿದ್ದೀರಾ? ಆದರೂ ನಾನು ವಿರೋಧಿಸುವುದಿಲ್ಲ, ಒಂದು ಷರತ್ತಿನ ಮೇಲೆ: ನನಗೆ ಮಾಡಿದಂತೆಯೇ ಕಂಪನಿಯ ಮುಖ್ಯಸ್ಥರಿಗೂ ಆದಾಯಕ್ಕೆ ತಕ್ಕಂತೆ ಹಂತಗಳಿರಲಿ. ನನ್ನ ಊರಿನ ಕಡೆ ನಾನೂ ಒಂದು ಸೈಟು ಖಾಲಿ ಇಟ್ಟಿದ್ದೇನೆ ಎಂಬುದನ್ನೂ ಹೇಳಿಬಿಡುತ್ತೇನೆ, ಗೃಹಜ್ಯೋತಿಯ ವಿಷಯ ಹೇಳಿದ ಮೇಲೆ ಇದನ್ನು ಮುಚ್ಚಿಡುವುದು ಸರಿಯಲ್ಲ. ಪೀಣ್ಯದ ಮೇಡಂ ಅವರ ಮಾತಿನ ನಂತರ, ಎಲ್ಲರನ್ನೂ ಜರಡಿ ಹಿಡಿಯುವ ಬದಲು 2015ರಲ್ಲಿ ಅಡುಗೆ ಅನಿಲದ ಸಬ್ಸಿಡಿ ಬಿಟ್ಟುಕೊಡಿ ಎಂದು ಕೇಳಿದಂತೆ ಕೇಳುವುದೇ ಒಳ್ಳೆಯದೆನಿಸುತ್ತಿದೆ. ಆಗ ಒಂದು ಕೋಟಿಗೂ ಹೆಚ್ಚು ಕುಟುಂಬಗಳು ಬಿಟ್ಟುಕೊಟ್ಟವು. ಬಿಡದವರೂ ಬಹಳ ಇದ್ದರು, ಆದರೆ ಯಾವ ಬಡವಳೂ ಅದಕ್ಕಾಗಿ ಕಚೇರಿ ಅಲೆಯಬೇಕಾಗಲಿಲ್ಲ.

ನಿವೃತ್ತ ಲೆಕ್ಕಾಧಿಕಾರಿ, ಬಸವನಗುಡಿ

ಮುಂದಿನ ಬಜೆಟ್ಟಿಗೆ ಮೊದಲು ಸಾರ್ವಜನಿಕರ ಸಲಹೆ ಕರೆಯುವಾಗ ಕಳುಹಿಸಲು ಎರಡು ಪುಟದ ಮನವಿ ಸಿದ್ಧಪಡಿಸುತ್ತಿದ್ದೇನೆ. ಖಾಲಿ ನಿವೇಶನದ ದರ, ಬಾಡಿಗೆ ಮನೆಯ ಇಮ್ಮಡಿ ದರ, ಪರಿಶಿಷ್ಟರ ನಿಧಿ, ವೃತ್ತಿ ತೆರಿಗೆಯ ಮಿತಿ ಇವು ನಾಲ್ಕೂ ಅದರಲ್ಲಿ ಇರುತ್ತವೆ. ಮಲ್ಲೇಶ್ವರದ ಸ್ನೇಹಿತರು ವೃತ್ತಿ ತೆರಿಗೆಗೆ ಹಂತಗಳ ಕರಡೊಂದನ್ನು ಮಾಡಿಕೊಟ್ಟರೆ ಉಪಕಾರವಾಗುತ್ತದೆ. ಬೇರೆ ಏನಾದರೂ ಸೇರಬೇಕಿದ್ದರೆ ಭಾನುವಾರದೊಳಗೆ ತಿಳಿಸಿ.

ಗಾರ್ಮೆಂಟ್ಸ್ ಕಾರ್ಮಿಕರ ಸಂಘಟಕಿ, ಪೀಣ್ಯ

ಸೇರಬೇಕಾದ್ದು ಒಂದಿದೆ ಸರ್. ಬಿಪಿಎಲ್ ಆದಾಯದ ಮಿತಿ ಕನಿಷ್ಠ ವೇತನಕ್ಕಿಂತ ಕೆಳಗಿರಬಾರದು, ವೇತನ ಪರಿಷ್ಕರಣೆಯಾದಾಗಲೆಲ್ಲ ಆ ಮಿತಿಯೂ ಏರಬೇಕು. ದಯವಿಟ್ಟು ಇದನ್ನು ಐದನೆಯದಾಗಿ ಬರೆಯಬೇಡಿ, ಮೊದಲನೆಯದಾಗಿ ಬರೆಯಿರಿ. ಎರಡನೆಯ ಪುಟವನ್ನು ಅಲ್ಲಿ ಯಾರೂ ಓದುವುದಿಲ್ಲ.